ತಾಟಿನ ಕೆಳಗಿನ ಕೌದಿ

ಗಂಡಸು ರಸ್ತೆಯಲ್ಲಿ ಕೂತು ಹೊಲಿದರೆ ಟೇಲರ್ ಮಾಸ್ತರ, ಮನೆಯಲ್ಲಿ ಕೂತು ಹೊಲಿದರೆ ತಲೆ ಕೆಟ್ಟವ. ಈ ನ್ಯಾಯ ಯಾವ ಶಾಸ್ತ್ರದಲ್ಲಿದೆಯೋ ನಾ ಕಾಣೆ. ಅದನ್ನು ಒಪ್ಪುವುದಿಲ್ಲವೆಂದು ಹಟ ಹಿಡಿದು ಕೂತ ದಿನದಿಂದ ನಮ್ಮ ಮನೆಯಲ್ಲಿ ಏನಾದರೊಂದು ಫಜೀತಿ ನಡೆದೇ ಇರುತ್ತದೆ. ನಾನೇನು ಕರೆಯಲು ಹೋಗುವುದಿಲ್ಲ, ಅದೇ ಬಾಗಿಲು ಬಡಿದು ಒಳಗೆ ಬರುತ್ತದೆ.

ತೊಂಬತ್ತರ ದಶಕದ ಕೊನೆಯ ಮಾತು. ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ ಪುಣೆಗೆ ಬಂದ ನಾನು, ಚಿಂಚವಾಡದ ಒಂದು ಕಾರ್ಖಾನೆಯಲ್ಲಿ ಬೇರೆಯವರು ಮಾಡಿದ ಗಿಯರುಗಳಲ್ಲಿ ತಪ್ಪು ಹುಡುಕುವ ಕೆಲಸ ಮಾಡಿ ಆಗಷ್ಟೇ ನಿವೃತ್ತನಾಗಿದ್ದೆ. ಆಮೇಲೆ ತಪ್ಪು ಹುಡುಕಲು ಮನೆಯಲ್ಲಿ ಉಳಿದದ್ದು ಹೆಂಡತಿಯೊಬ್ಬಳೇ. ಆ ಕೆಲಸದಲ್ಲಿ ಆಕೆ ನನಗಿಂತ ಸೀನಿಯರ್. ಹೀಗಾಗಿ ಬೇರೆ ಉದ್ಯೋಗ ನೋಡಿಕೊಳ್ಳಬೇಕಾಯಿತು.

೧. ಬಾಗಿಲಿಲ್ಲದ ಮನೆ

ಮನೆಗೆ ಹೊಸ ಡೈನಿಂಗ್ ಟೇಬಲ್ ಬಂದಿತ್ತು. ಪಾಲಿಶ್ ಕೆಡಬಾರದೆಂದು ನಮ್ಮಾಕೆ ತಾಟಿನ ಕೆಳಗೆ ಹಳೆಯ ಪೇಪರು ಹಾಸುತ್ತಿದ್ದಳು. ಒಂದು ದಿನ ಬಿಸಿ ಸಾರು ಚೆಲ್ಲಿತು. ಒರೆಸಿ ನೋಡಿದರೆ ಯಾರೋ ಅಪರಿಚಿತ ಪುಣ್ಯಾತ್ಮರ ಶ್ರದ್ಧಾಂಜಲಿ, ಫೋಟೋ ಸಮೇತ, ಟೇಬಲ್ಲಿನ ಮೇಲೆ ಉಲ್ಟಾ ಅಚ್ಚಾಗಿತ್ತು.

“ಇನ್ನ ಪೇಪರ್ ಬ್ಯಾಡ. ತಾಟಿನ ಕೆಳಗ ಹಾಸ್ಲಿಕ್ಕೆ ಸಣ್ಣ ಸಣ್ಣ ಕೌದಿ ನಾನಽ ಹೊಲೀತೀನಿ” ಎಂದೆ.

“ಯಾರು, ನೀವಾ? ಅಂಗಿ ಗುಂಡಿ ಹಚ್ಚಲಿಕ್ಕೆ ಬರೂದಿಲ್ಲ ನಿಮಗ.”

ಪಂಥಕ್ಕೆ ಇಷ್ಟು ಸಾಕಾಯಿತು. ಮೇಲೆ ಹಳೆಯ ಇಳಕಲ್ ಸೀರೆಯ ತುಂಡು, ಕೆಳಗೆ ನನ್ನ ಧೋತರದ ತುಂಡು, ಬಿಸಿ ತಡೆಯಲೆಂದು ನಡುವೆ ಸವೆದ ಕಂಬಳಿ. ಗಿಯರು ಅಳೆಯುವ ವರ್ನಿಯರ್ ಹಿಡಿದು ಅಂಚು ಅಳೆದೆ. ಬಟ್ಟೆಯ ಒಳಮೈ ಹೊರಗೆ ಮಾಡಿ ಸುತ್ತ ಹೊಲಿದು, ಆಮೇಲೆ ದಿಂಬಿನ ಚೀಲದ ಹಾಗೆ ತಿರುವಿ ಹಾಕಬೇಕು. ಹೊಲಿದೆ, ನೋಡ್ರಿ, ರೈಲು ಹಳಿ ನಾಚಬೇಕು! ತಿರುವಿ ಹಾಕಲು ಬೆರಳು ತೂರಿಸಹೋದೆ. ಸಂದಿಯೇ ಇಲ್ಲ. ಒಂದು ಕಡೆ ಬಾಯಿ ಬಿಡಬೇಕೆಂಬುದನ್ನು ಮರೆತು ನಾಲ್ಕೂ ಬದಿ ಜಡಿದುಬಿಟ್ಟಿದ್ದೆ. ಒಳಮೈ ಹೊರಗೇ ಉಳಿದು, ನಮ್ಮ ಇಳಕಲ್ ಒಳಗೆ ಖೈದಿಯಾಗಿತ್ತು.

ನಮ್ಮಾಕೆ ಅದನ್ನು ಎತ್ತಿ ಎಲ್ಲ ಬದಿಗೂ ತಿರುಗಿಸಿ ನೋಡಿದಳು.

“ಮನಿ ಭಾಳ ಛಲೋ ಕಟ್ಟೀರಿ. ಬಾಗಲಾ ಇಡೂದೊಂದ ಮರತೀರಿ.”

೨. ಸೇಬುಹಣ್ಣು

ನಾನು ಬಿಟ್ಟೆನೆಂದುಕೊಂಡಿರಾ? ಮರುದಿನವೇ ಹೊಲಿಗೆ ಮಷಿನ್ನನ್ನು ಮನೆಯ ಮುಂದಿನ ಗ್ಯಾಲರಿಗೆ ಎಳೆದುಕೊಂಡು ಕೂತೆ. ಅಲ್ಲಿ ಬೆಳಕು ಚೆನ್ನ. ನಮ್ಮ ಹೌಸಿಂಗ್ ಸೊಸೈಟಿಯ ಎಲ್ಲ ಕಿಟಕಿಗಳಿಂದಲೂ ನಾನು ಕಾಣುತ್ತೇನೆ, ಅದು ಇನ್ನೂ ಚೆನ್ನ. ಸುದ್ದಿ ಪುಣೆಯ ಖಡಕಿ ಬಡಾವಣೆಯ ತನಕ ಹೋಯಿತು. ಅಲ್ಲಿಯ ನನ್ನ ಹಳೆಯ ಗೆಳೆಯ, ನಮ್ಮ ಬೆಳಗಾವಿ ಕಡೆಯವನೇ, ಸೇಬುಹಣ್ಣಿನ ಪೊಟ್ಟಣ ಹಿಡಿದು ಬಂದ. ಮೋರೆ ಇಷ್ಟು ಸಣ್ಣಗಾಗಿತ್ತು.

“ವೈನಿಗೆ ಭಾಳ ಆರಾಮಿಲ್ಲೇನೋ? ನೀನಽ ಹೊಲಿಗಿ ಹಾಕೂ ಪಾಳಿ ಬಂತಲ್ಲೋ!”

ಅಷ್ಟರಲ್ಲಿ ಅವನ ವೈನಿಯೇ, ಅಂದರೆ ನಮ್ಮಾಕೆಯೇ, ಗಟ್ಟಿಮುಟ್ಟಾಗಿ ಚಹಾ ಹಿಡಿದು ಬಂದಳು. ಅವನು ಅವಳನ್ನು ನೋಡಿದ, ನನ್ನನ್ನು ನೋಡಿದ, ಸೇಬುಹಣ್ಣನ್ನು ಮೆಲ್ಲಗೆ ನನ್ನ ಕಡೆ ಸರಿಸಿದ. ಹೊರಡುವಾಗ ಬಾಗಿಲಲ್ಲಿ ನಿಂತು, ನನಗೆ ಕೇಳದೆಂದು ತಿಳಿದು, “ವೈನಿ, ಡಾಕ್ಟರಿಗೆ ತೋರಿಸೀರೇನು?” ಎಂದು ಪಿಸುಗುಟ್ಟಿದ.

“ತೋರಿಸಿದ್ವಿರಿ,” ಎಂದಳು ನಮ್ಮಾಕೆ. “ತಮ್ಮ ಮನಿಗೂ ನಾಕು ಹೊಲಕೊಡ್ರಿ ಅಂದ್ರು.”

೩. ಹೆಸರು ಯಾರದು

ನಮ್ಮ ಸೊಸೈಟಿಯ ಮಹಿಳಾ ಮಂಡಳ ದೀಪಾವಳಿಗೆ ಮುಂಚೆ ಸಭಾಂಗಣದಲ್ಲಿ ಪ್ರದರ್ಶನ ಇಡುತ್ತದೆ. ಚಕ್ಕುಲಿ, ಪಣತಿ, ಉಲ್ಲನ್ ತೋರಣ, ಎಲ್ಲದಕ್ಕೂ ಒಂದೊಂದು ಮೇಜು. ಆ ಹೊತ್ತಿಗೆ ನನ್ನ ಕೈ ಪಳಗಿತ್ತು. ನನ್ನ ತಾಟಿನ ಮ್ಯಾಟುಗಳಿಗೂ ಅಲ್ಲಿ ಒಂದು ಮೇಜು ಬೇಕು, ಮೇಜಿನ ಮೇಲೆ ನನ್ನ ಹೆಸರು ಬೇಕು ಎಂಬ ಆಸೆ ಮನಸ್ಸಿಗೆ ಹೊಕ್ಕಿತು. ಎದುರು ಮನೆಯ ಕಾಕೂ ಮಂಡಳದ ಅಧ್ಯಕ್ಷೆ. ಎಲ್ಲರಿಗೂ ಆಕೆ ಕಾಕೂ, ಎಂದರೆ ಚಿಕ್ಕಮ್ಮ; ಆಕೆಗೆ ನಾನು ಭಾವೋಜಿ, ಎಂದರೆ ಭಾವ. ಹೋಗಿ ಕೇಳಿದೆ.

“ಭಾವೋಜಿ, ಹೇ ಬಾಯಕಾಂಚಂ ಪ್ರದರ್ಶನ ಆಹೇ,” ಎಂದರು. ಹೆಂಗಸರದು, ಗಂಡಸರಿಗಿಲ್ಲ.

“ತಾಟಿನ ಕೆಳಗೆ ಹಾಸೋ ಬಟ್ಟೆಗೆ ಗಂಡು ಹೆಣ್ಣು ಎಲ್ಲಿಂದ ಬಂತು?” ಎಂದು ನಾನೂ ಮರಾಠಿಯಲ್ಲೇ ಜಗಳಕ್ಕೆ ನಿಂತೆ. ಕೊನೆಗೆ ಕಾಕೂ ಒಂದು ದಾರಿ ತೋರಿಸಿದರು: ಹೆಂಡತಿಯ ಹೆಸರಿನಲ್ಲಿ ಇಡಿ, ಯಾರಿಗೂ ತಿಳಿಯುವುದಿಲ್ಲ.

ತಿಳಿಯಬೇಕೆಂದೇ ಅಲ್ಲವೇ ನನ್ನ ಹೋರಾಟ! ಸಾಧ್ಯವಿಲ್ಲ ಎಂದು ಎದ್ದು ಬಂದೆ. ಮನೆಯಲ್ಲಿ ಹೇಳಿದರೆ ನಮ್ಮಾಕೆ ನನಗಿಂತ ಜೋರಾಗಿ ಎದ್ದಳು.

“ನನ್ನ ಹೆಸರು? ಸುತರಾಂ ಆಗೂದಿಲ್ಲ!”

ಸ್ವಾಭಿಮಾನದಲ್ಲಿ ನನಗೆ ಜೋಡಿಯಾದಳಲ್ಲ ಎಂದು ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಆಕೆ ಮುಂದುವರಿಸಿದಳು: “ಇಂಥಾ ಸೊಟ್ಟ ಹೊಲಿಗಿ ನಾ ಹಾಕೇನಿ ಅಂತ ತಿಳದ್ರ ನನ್ನ ತೌರಮನಿಯವರು ತಲಿ ಎತ್ತಿ ಅಡ್ಡಾಡಬೇಕೋ ಬ್ಯಾಡೋ?”

೪. ಹಸಿದ ಕೌದಿ

ನಾನು ದಿನಾ ಬೆಳಿಗ್ಗೆ ಹಾಲು ತರುವಾಗ, ಸಂಜೆ ಮೆಟ್ಟಿಲಿಳಿಯುವಾಗ ಕಾಕೂಗೆ ನಮಸ್ಕಾರ ಮಾಡಿ “ಮೇಜು?” ಎಂದು ಕೇಳತೊಡಗಿದೆ. ಬೇಸತ್ತು ಒಂದು ದಿನ, “ರವಿವಾರ ಕಮಿಟಿಯವರು ನಿಮ್ಮಲ್ಲಿಗೆ ಚಹಾಕ್ಕೆ ಬರುತ್ತೇವೆ. ಮ್ಯಾಟು ನೋಡಿ ನಿರ್ಧಾರ” ಎಂದರು.

ಹೊಸ ಸೆಟ್ಟು ಹೊಲಿಯಲು ಕೂತೆ. ಈಗ ನಮ್ಮ ಕಡೆಯ ಒಂದು ರೂಢಿ ಹೇಳಬೇಕು. ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ಒಂದು ಚೂರು ರೊಟ್ಟಿಯನ್ನೋ ಚಪಾತಿಯನ್ನೋ ಇಟ್ಟು ಹೊಲಿಯುತ್ತಾರೆ. ಕೌದಿ ಹಸಿದಿರಬಾರದು, ಅದನ್ನು ಹೊದ್ದವರ ಹೊಟ್ಟೆಯೂ ತಣ್ಣಗಿರಬೇಕು ಎಂದು. ನಮ್ಮವ್ವ ಇಡುತ್ತಿದ್ದಳು. ಇಷ್ಟು ಮಹತ್ವದ ಸೆಟ್ಟಿಗೆ ಆ ಶಾಸ್ತ್ರ ಬಿಡಲಾದೀತೇ?

“ಅದು ಹೊದಕೊಳ್ಳೂ ಕೌದಿಗೆ ರೀ!” ಎಂದಳು ನಮ್ಮಾಕೆ.

“ಮಂದಿ ಉಣ್ಣೂದು ನೋಡಕೋತ ಕೂಡೂದು ಇದರ ಹಣೆಬಾರ. ಇದಕ್ಕ ಹಸಿವು ಹೆಚ್ಚಲ್ಲೇನು?”

ಡಬ್ಬಿಯಲ್ಲಿ ದಸರೆಯ ಹೋಳಿಗೆ ಉಳಿದಿತ್ತು. ಕೈ ಬಿಗಿ ಮಾಡುವ ಮನೆತನ ನಮ್ಮದಲ್ಲ. ತುಪ್ಪ ಸವರಿ, ಒಂದೊಂದು ಮ್ಯಾಟಿಗೆ ಧಾರಾಳ ತುಂಡು ಇಟ್ಟು ಹೊಲಿದೆ.

ರವಿವಾರ ಕಮಿಟಿ ಬಂತು. ಮ್ಯಾಟು ಹಾಸಿ, ಮೇಲೆ ಉಪ್ಪಿಟ್ಟಿನ ತಾಟು ಇಟ್ಟೆವು. “ಛಾನ!” ಎಂದು ಮೆಚ್ಚಿದರು ಕಾಕೂ. ಆ ಶಬ್ದ ಗಾಳಿಯಲ್ಲಿರುವಾಗಲೇ ಮಂಡಳದ ಸೆಕ್ರೆಟರಿ ಬಾಯಿಯವರು ಕುರ್ಚಿ ಬೀಳಿಸಿ ಎದ್ದರು. “ಮುಂಗ್ಯಾ! ಮುಂಗ್ಯಾ!”

ಕೆಂಪಿರುವೆ. ಆಕೆಯ ಬಳೆಗಳ ನಡುವೆ ಶಿಸ್ತಾಗಿ ಸಾಲು ಹೊರಟಿತ್ತು. ಎಲ್ಲರೂ ತಂತಮ್ಮ ತಾಟು ಎತ್ತಿದರು. ಪ್ರತಿ ಮ್ಯಾಟಿನ ಹೊಲಿಗೆಯ ಸಂದಿಯಿಂದಲೂ ಪಂಢರಪುರಕ್ಕೆ ಹೊರಟಂಥ ಒಂದೊಂದು ದಿಂಡಿಯಾತ್ರೆ. ಕಾಕೂ ಕನ್ನಡಕ ಏರಿಸಿ, ಕತ್ತರಿ ತರಿಸಿ, ಒಂದರ ಮೂಲೆ ಬಿಚ್ಚಿದರು. ಕಂಬಳಿಯ ನಡುವಿನಿಂದ ಹೋಳಿಗೆ ಹೊರಬಂತು.

ನಮ್ಮಾಕೆ ಸೆರಗನ್ನು ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಓಡಿದಳು. ಮೇಜು ಹೋಯಿತೆಂದು ನನಗೂ ಖಾತ್ರಿಯಾಯಿತು. ಹೋಗುವುದಾದರೆ ತಲೆ ಎತ್ತಿಯೇ ಹೋಗಲಿ ಎಂದು ಎದ್ದು ನಿಂತೆ.

“ಹೌದು, ನಾನೇ ಇಟ್ಟದ್ದು. ನಮ್ಮಲ್ಲಿ ಕೌದಿಯನ್ನು ಉಪವಾಸ ಇಡುವುದಿಲ್ಲ.”

ಕಾಕೂ ಆ ತುಂಡನ್ನೇ ನೋಡುತ್ತ ಕೂತರು. ಆಮೇಲೆ ಮೆಲ್ಲಗೆ, “ಅಗಬಾಯಿ! ಗೋಧಡೀಚಂ ಪೋಟ ಭರಲಂ!” ಎಂದರು. ಗೋಧಡಿ ಎಂದರೆ ಅವರ ಕೌದಿ. ಅದರ ಹೊಟ್ಟೆ ತುಂಬಿಸುವ ರೂಢಿ ಅವರ ಅಜ್ಜಿಗೂ ಇತ್ತಂತೆ. ಅವರ ಕಣ್ಣು ತೇವವಾಯಿತು. ಮರುಕ್ಷಣವೇ ಸಿಟ್ಟು ಏರಿತು. “ಆದರೆ ಇಡುವುದು ಒಣಗಿದ ಭಾಕರಿ ರೊಟ್ಟಿಯ ಚೂರು, ಭಾವೋಜಿ! ತುಪ್ಪದ ಪೂರಣಪೋಳಿ ಯಾರಾದರೂ ಇಡುತ್ತಾರೆಯೇ?”

“ಧಾರವಾಡದವರು ಇಡುತ್ತಾರೆ,” ಎಂದೆ.

ಕಮಿಟಿ ನಕ್ಕೂ ನಕ್ಕೂ ಸುಸ್ತಾಯಿತು. ಸೆಕ್ರೆಟರಿ ಬಾಯಿ ಮಾತ್ರ ಬಳೆ ಜಾಡಿಸುತ್ತಿದ್ದರು. ಹೋಳಿಗೆ ತೆಗೆದು, ಒಗೆದು, ಬಿಸಿಲಿಗೆ ಹಾಕಿ ತಂದರೆ ಮೇಜು ನಿಮ್ಮದು ಎಂದು ಕಾಕೂ ತೀರ್ಪು ಕೊಟ್ಟರು.

ಪ್ರದರ್ಶನದ ದಿನ ಇಸ್ತ್ರಿ ಅಂಗಿ ತೊಟ್ಟು ಸಭಾಂಗಣಕ್ಕೆ ಹೋದೆ. ಚಕ್ಕುಲಿ, ಲಾಡುಗಳಿಂದ ಅತಿ ದೂರ, ಚಪ್ಪಲಿ ಬಿಡುವ ಬಾಗಿಲ ಪಕ್ಕ ಒಂದು ಮೇಜು. ಅದರ ಮೇಲೆ ದಪ್ಪ ಅಕ್ಷರದಲ್ಲಿ ನನ್ನ ಹೆಸರು, ಬರೀ ನನ್ನದೇ ಹೆಸರು. ಆ ಮೇಜಿನ ನಾಲ್ಕೂ ಕಾಲುಗಳನ್ನು ಕಾಕೂ ಒಂದೊಂದು ನೀರಿನ ಬಟ್ಟಲಿನಲ್ಲಿ ಇಡಿಸಿದ್ದರು.

ಮೊದಲ ಗಿರಾಕಿ ಬಗ್ಗಿ ನೋಡಿ, “ಕಾಕಾ, ಈ ನೀರು ಯಾಕೆ?” ಎಂದು ಕೇಳಿದಳು.

ನಾನು ಎದೆ ಸೆಟೆಸಿ ಹೇಳಿದೆ: “ಕಿಲ್ಲೆ ಗೆದ್ದವರು ಸುತ್ತ ಕಂದಕ ಇಟ್ಟುಕೊಳ್ಳಬೇಕಾಗುತ್ತದೆ, ತಾಯಿ!”