ಕೌಂಟನ ಎಡಗಾಲಿನ ಬೂಟು

ಕ್ಷೌರಕ್ಕೆ ಹೋಗದೇ ಇದ್ದಿದ್ದರೆ ಎವಾರಿಸ್ಟೋಗೆ ಆ ಶನಿವಾರ ಯಾವ ತಾಪತ್ರಯವೂ ಇರುತ್ತಿರಲಿಲ್ಲ. ತಲೆಯಲ್ಲಿ ಉಳಿದದ್ದೇ ನಾಲ್ಕು ಕೂದಲು. ಅದಕ್ಕೂ ಹದಿನೈದು ದಿನಕ್ಕೊಮ್ಮೆ ಸಿಲ್ವೆರಿಯೋನ ಅಂಗಡಿಗೆ ಹೋಗಿ ಕೂರುವುದು ಅವನ ನಿವೃತ್ತ ಜೀವನದ ಶಿಸ್ತು. ಅವತ್ತು ಅಂಗಡಿಯ ಗಾಜಿಗೆ ಹೊಸ ಪೋಸ್ಟರ್ ಅಂಟಿಸಿದ್ದರು. ಮೇಣದ ಮುಖ, ಗುಳಿಬಿದ್ದ ಕಣ್ಣು, ಮುಂದಕ್ಕೆ ಚಾಚಿದ ಎರಡು ಕೈ. ಕೆಳಗೆ ದಪ್ಪಕ್ಷರದಲ್ಲಿ, 'ಕಲ್ಲುಗೋರಿಯ ಕೌಂಟ್' ಚಿತ್ರಕ್ಕೆ ಐವತ್ತು ವರ್ಷ; ಮಹಾನ್ ಅಮೆರಿಕನ್ ನಟ ರೂಪರ್ಟ್ ಹಾರ್ಗ್ರೋವ್ ಅವರ ನೆನಪಿಗೆ ನಮ್ಮೂರ ಕೋಟೆಬಾಗಿಲಲ್ಲಿ ಕಲ್ಲಿನ ಫಲಕ; ಸಂಜೆ ಐದಕ್ಕೆ ಇಗರ್ಜಿಯ ಸಭಾಂಗಣದಲ್ಲಿ ಪ್ರದರ್ಶನ, ಆಮೇಲೆ ಸಂವಾದ.

ಎವಾರಿಸ್ಟೋ ಎರಡು ಸಲ ಓದಿದ. ಕನ್ನಡಕ ಒರೆಸಿಕೊಂಡು ಮೂರನೇ ಸಲ ಓದಿದ. ಆಮೇಲೆ, ಬಾಯಿ ಮುಚ್ಚಿಕೊಂಡು ಕುರ್ಚಿಯಲ್ಲಿ ಕೂರಬೇಕಾದ ಮನುಷ್ಯ, "ಇದು ನಾನು" ಅಂದುಬಿಟ್ಟ.

ಅಂಗಡಿಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಿಲ್ವೆರಿಯೋ ನಗುವ ಭರದಲ್ಲಿ ಗಿರಾಕಿಯೊಬ್ಬನ ಅರ್ಧ ಮೀಸೆ ಹಾರಿಸಿದ.

ತಮಾಷೆ ಏನೆಂದರೆ ಗೋರಿಯಿಂದ ಎದ್ದು ಬರುವ ಆ ಸಿರಿವಂತ ದೊರೆಯ ದೆವ್ವ, ಆ ಕೌಂಟ್, ಅವನೇ. ಅರವತ್ತೆರಡನೇ ಇಸವಿಯಲ್ಲಿ ಸಿನಿಮಾ ಕಂಪನಿಯವರು ನಮ್ಮೂರಿಗೆ ಬಂದಾಗ, ಶವಪೆಟ್ಟಿಗೆಯ ಉದ್ದಕ್ಕೆ ಸರಿಹೋಗುವ ಆಳು ಬೇಕಾಗಿತ್ತು. ಎಣ್ಣೆ ಗಾಣದಲ್ಲಿ ಮೂಟೆ ಹೊರುತ್ತಿದ್ದ ಇಪ್ಪತ್ತನಾಲ್ಕರ ಎವಾರಿಸ್ಟೋ ಅಳತೆಗೆ ಸಿಕ್ಕ. ಆರು ವಾರ ಮುಖದ ತುಂಬ ಮೇಣ ಬಳಿಸಿಕೊಂಡು, ಊರವರಿಗೆ ಬಾಗಿಲು ಮುಚ್ಚಿದ ಕೋಟೆಯಲ್ಲಿ ಓಡಾಡಿದ. ತೆರೆಯ ಮೇಲೆ ಹೆಸರು ಮಾತ್ರ ಬೇರೆ ಬಂತು. ಆಗೆಲ್ಲ ದೆವ್ವದ ಸಿನಿಮಾದಲ್ಲಿ ಇಟಲಿಯವರ ಹೆಸರು ಕಂಡರೆ ನಮ್ಮ ಜನ ಎದ್ದು ಹೋಗುತ್ತಿದ್ದರು. ಪಕ್ಕದ ಬೀದಿಯ ಯಾವನೋ ಜೀನೋ ನಮ್ಮನ್ನೇನು ಹೆದರಿಸ್ತಾನೆ ಅನ್ನುವ ತಾತ್ಸಾರ. ಹೆದರಿಸುವುದಕ್ಕೆ ಅಮೆರಿಕದವರೇ ಆಗಬೇಕು. ಹಾಗಾಗಿ ನಿರ್ದೇಶಕನಿಂದ ಹಿಡಿದು ಕಾಫಿ ತರುವವನವರೆಗೆ ಎಲ್ಲರಿಗೂ ಇಂಗ್ಲಿಷ್ ಹೆಸರು. ರೂಪರ್ಟ್ ಹಾರ್ಗ್ರೋವ್ ಅನ್ನುವ ಹೆಸರು ಸಿಕ್ಕಿದ್ದು ನಿರ್ದೇಶಕನ ಮಳೆಕೋಟಿನ ಒಳಗೆ ಹೊಲಿದಿದ್ದ ಕಂಪನಿ ಪಟ್ಟಿಯಲ್ಲಿ.

ಇದನ್ನು ಎವಾರಿಸ್ಟೋ ಊರಿಗೆಲ್ಲ ಹೇಳಿದ್ದ. ಊರು ನಂಬಲಿಲ್ಲ, ಬದಲಿಗೆ 'ಹಾಲಿವುಡ್' ಅಂತ ಅಡ್ಡಹೆಸರು ಇಟ್ಟಿತು. ಹೆಂಡತಿ ಜೆಲಿಂಡಾ ಕೂಡ ನಂಬಲಿಲ್ಲ. ಅವಳು ದೆವ್ವದ ಸಿನಿಮಾ ನೋಡುವವಳಲ್ಲ, ಗಂಡನ ಮಾತು ಕಿವಿ ಮೇಲೆ ಹಾಕಿಕೊಳ್ಳುವವಳಂತೂ ಅಲ್ಲ. ಎವಾರಿಸ್ಟೋ ಸೋತು ಸುಮ್ಮನಾಗಿ ನಲವತ್ತು ವರ್ಷವಾಗಿತ್ತು. ಆದರೆ ಈಗ ಕಲ್ಲಿನಲ್ಲಿ ಕೆತ್ತುತ್ತಾರಂತೆ. ಕಲ್ಲಿನಲ್ಲಿ ಕೆತ್ತಿದ ಮೇಲೆ ಅದು ಕಾಯಂ. ಎಪ್ಪತ್ತನಾಲ್ಕು ವಯಸ್ಸಿನ ಮನುಷ್ಯನಿಗೆ ಇದ್ದದ್ದು ಒಂದೇ ಆಸೆ: ಸಾಯುವ ಮುಂಚೆ ಒಂದು ಸಲ ಊರು ತನ್ನನ್ನು ನೋಡಿ ಹೌದಪ್ಪ, ನೀನೇ, ಅನ್ನಬೇಕು.

ಸಿಲ್ವೆರಿಯೋಗೆ ಇನ್ನೊಬ್ಬರ ವಿಷಯದಲ್ಲಿ ಮೂಗು ತೂರಿಸದಿದ್ದರೆ ತಿಂದದ್ದು ಅರಗುವುದಿಲ್ಲ. ಅರ್ಧ ಮೀಸೆಯವನನ್ನು ಅಲ್ಲೇ ಬಿಟ್ಟು, ಎವಾರಿಸ್ಟೋನನ್ನು ಕೈ ಹಿಡಿದು ದರದರ ಎಳೆದುಕೊಂಡು ಎದುರಿನ ಔಷಧದಂಗಡಿಗೆ ನುಗ್ಗಿದ. ಅಂಗಡಿಯ ಯಜಮಾನ ಡಾಕ್ಟರ್ ಬಾಲ್ದಿನೋಟಿಯೇ ನಮ್ಮೂರ ಸಿನಿಮಾ ಸಂಘದ ಅಧ್ಯಕ್ಷ. ಹಾರ್ಗ್ರೋವ್ ಬಗ್ಗೆ ಮುನ್ನೂರು ಪುಟದ ಪುಸ್ತಕ ಬರೆದಾತ.

"ಡಾಕ್ಟ್ರೇ, ನಿಮ್ಮ ಅಮೆರಿಕನ್ನು ಸಿಕ್ಕಿದಾನೆ ನೋಡಿ. ಇಷ್ಟು ವರ್ಷ ನಿಮ್ಮ ಹತ್ರಾನೇ ಮಂಡಿನೋವಿನ ಮುಲಾಮು ತಗೋತಿದ್ದ."

ಡಾಕ್ಟರು ನಗಲಿಲ್ಲ. ಮೂಲವ್ಯಾಧಿಯವರ ಹತ್ತಿರ ಮಾತಾಡುವಾಗಿನ ತಾಳ್ಮೆಯಲ್ಲಿ ವಿವರಿಸಿದರು. ಹಾರ್ಗ್ರೋವ್ ಹುಟ್ಟಿದ್ದು ಬಾಸ್ಟನ್ನಿನಲ್ಲಿ, ಕಲಿತದ್ದು ಲಂಡನ್ನಿನ ರಂಗಭೂಮಿಯಲ್ಲಿ, ಪ್ರೇಮದಲ್ಲಿ ಸೋತು ಕಣ್ಮರೆಯಾದದ್ದು ಮೆಕ್ಸಿಕೋದ ಮಠವೊಂದರಲ್ಲಿ. ಇದೆಲ್ಲ ಎಲ್ಲಿ ಸಿಕ್ಕಿತು ಅಂತ ಎವಾರಿಸ್ಟೋ ಕೇಳಿದ. ಆ ಕಣ್ಣುಗಳನ್ನು ನೋಡಿದರೆ ಗೊತ್ತಾಗುತ್ತದೆ ಅಂದರು ಡಾಕ್ಟರು.

ಕಣ್ಣಿಗೆ ಮೇಣ ಮೆತ್ತಿದ್ದರು, ಗೋಡೆ ಯಾವುದು ಬಾಗಿಲು ಯಾವುದು ಕಾಣುತ್ತಿರಲಿಲ್ಲ, ಅದಕ್ಕೇ ಕೈ ಚಾಚಿಕೊಂಡು ನಡೆದೆ ಅಂದ ಎವಾರಿಸ್ಟೋ. ಡಾಕ್ಟರ ಪುಸ್ತಕದ ಪ್ರಕಾರ ಅದು ಮನುಕುಲವನ್ನು ಅಪ್ಪಿಕೊಳ್ಳಲು ಹೊರಟ ಒಂಟಿ ಜೀವದ ಹಂಬಲ. ಕುಂಟುತ್ತಿದ್ದದ್ದು ಎಡಗಾಲಿನ ಬೂಟು ಎರಡು ಅಳತೆ ಚಿಕ್ಕದಿದ್ದದ್ದಕ್ಕೆ ಅಂದ. ಪುಸ್ತಕದಲ್ಲಿ ಅದು ಸಿರಿವಂತ ಮನೆತನಗಳ ಪಾಪಭಾರ. ಬಾಗಿಲಲ್ಲಿ ಎರಡು ನಿಮಿಷ ಅಲುಗಾಡದೆ ನಿಂತದ್ದು ಯಾಕೆ ಅಂತ ಡಾಕ್ಟರು ಸವಾಲು ಹಾಕಿದರು; ಅದರ ಮೇಲೇ ಅವರದು ನಲವತ್ತು ಪುಟವಿತ್ತು. ನಿಲುವಂಗಿ ಮೊಳೆಗೆ ಸಿಕ್ಕಿಕೊಂಡಿತ್ತು, ಬಿಡಿಸಬೇಕಾದವನು ಊಟಕ್ಕೆ ಹೋಗಿದ್ದ ಅಂದ ಎವಾರಿಸ್ಟೋ.

ಡಾಕ್ಟರ ಮುಖ ಕೆಂಪಾಯಿತು. ಸಾಕ್ಷಿ ಏನಿದೆ ಅಂದರು.

ಸಾಕ್ಷಿ ಇತ್ತು. ಕೊನೆಯ ದಿನ ಬೂಟು ಕಾಲಿನಿಂದ ಬಿಡಲೇ ಇಲ್ಲವಾದ್ದರಿಂದ ಎವಾರಿಸ್ಟೋ ಹಾಗೇ ಮನೆಗೆ ಬಂದಿದ್ದ. ಮೊಣಕಾಲುದ್ದದ ಕರಿ ಬೂಟು, ಹಿಮ್ಮಡಿಗೆ ಕಬ್ಬಿಣದ ಲಾಳ, ಪಕ್ಕಕ್ಕೆ ಹಿತ್ತಾಳೆಯ ಬಾವಲಿ. ಪೋಸ್ಟರಿನಲ್ಲೂ ಅದು ಎದ್ದು ಕಾಣುತ್ತಿತ್ತು. ತೊಂದರೆ ಎಂದರೆ, ಇಪ್ಪತ್ತು ವರ್ಷದಿಂದ ಜೆಲಿಂಡಾ ಅದರೊಳಗೆ ಮಣ್ಣು ತುಂಬಿ ಕಾಮಕಸ್ತೂರಿ ಬೆಳೆಸುತ್ತಿದ್ದಳು. ಟೊಮ್ಯಾಟೊ ಗೊಜ್ಜಿಗೆ ಹಾಕುವ ಆ ಸೊಪ್ಪಿನ ಮೇಲೆ ಅವಳಿಗೆ ಗಂಡನ ಮೇಲಿನದಕ್ಕಿಂತ ಹೆಚ್ಚು ಅಕ್ಕರೆ. ಅದೃಷ್ಟಕ್ಕೆ ಅವತ್ತು ಅವಳು ತಂಗಿಯ ಮನೆಗೆ ಟೊಮ್ಯಾಟೊ ಕುದಿಸಿ ಶೀಶೆಗೆ ತುಂಬಲು ಹೋಗಿದ್ದಳು. ಎವಾರಿಸ್ಟೋ ಗಿಡವನ್ನು ಬುಡಸಮೇತ ಕಿತ್ತ. ಎಲ್ಲಿಡುವುದು ಗೊತ್ತಾಗದೆ ಪಾತ್ರೆ ತೊಳೆಯುವ ತೊಟ್ಟಿಯಲ್ಲಿಟ್ಟ. ಬೆಳಿಗ್ಗೆಯಷ್ಟೇ ಒರೆಸಿದ್ದ ನೆಲದ ತುಂಬ ಮಣ್ಣು ಚೆಲ್ಲಿತು. ಬಂದು ಗುಡಿಸಿದರಾಯಿತು ಅಂದುಕೊಂಡು ಬೂಟು ಬಗಲಲ್ಲಿಟ್ಟುಕೊಂಡು ಓಡಿದ.

ಡಾಕ್ಟರು ಬೂಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಕಣ್ಣಿಗೆ ಒತ್ತಿಕೊಂಡರು, ಮೂಗಿಗೆ ಗೊಬ್ಬರದ ವಾಸನೆ ಹೊಡೆದರೂ ಲೆಕ್ಕಿಸಲಿಲ್ಲ. ಆದರೆ ಬೂಟು ಹಾರ್ಗ್ರೋವನದು, ನೀವು ಎತ್ತಿಕೊಂಡು ಬಂದಿರಬಹುದಲ್ಲ ಅಂದರು. ಸಿಲ್ವೆರಿಯೋ ಹೌದೌದು ಅಂದ. ಅವನು ಯಾರ ಕಡೆ ಅನ್ನುವುದು ಅವನಿಗೇ ಗೊತ್ತಿರಲಿಲ್ಲ.

"ಯಾರೂ ನಕಲು ಮಾಡೋಕಾಗದೇ ಇರೋದು ಒಂದಿದೆ," ಅಂದರು ಡಾಕ್ಟರು. "ಕೂಗು. ಗೋರಿ ಒಡೆದು ಬರುವಾಗಿನ ಆ ಕೂಗು. ಅದನ್ನ ಕೇಳೋಕೆ ಜಪಾನಿನಿಂದ ಜನ ಬಂದಿದಾರೆ. ಶತಮಾನಗಳ ನೋವುಂಡ ಗಂಡಸು ಮಾತ್ರ ಹಾಗೆ ಕೂಗಬಲ್ಲ. ಸಂಜೆ ವೇದಿಕೆ ಮೇಲೆ ಅದನ್ನ ಕೂಗಿ ತೋರಿಸಿ. ಫಲಕದ ಕೊನೇ ಸಾಲು ಇನ್ನೂ ಖಾಲಿ ಇದೆ, ನಿಮ್ಮ ಹೆಸರು ಕೆತ್ತಿಸ್ತೀನಿ."

ಇಲ್ಲಿ ಎವಾರಿಸ್ಟೋ ಬಿಳಿಚಿಕೊಂಡ. ಕೋಟೆಯಲ್ಲಿ ಅವನು ಬಾಯಿ ತೆರೆದದ್ದಷ್ಟೇ. ಧ್ವನಿಯನ್ನೆಲ್ಲ ಆಮೇಲೆ ರೋಮಿನ ಸ್ಟುಡಿಯೋದಲ್ಲಿ ಯಾರೋ ಸೇರಿಸಿದ್ದರು. ಹಾಗಂತ ಹೇಳಿದ. ಎಷ್ಟು ಅನುಕೂಲದ ನೆಪ ಅಂತ ಸಿಲ್ವೆರಿಯೋ ಕಣ್ಣು ಮಿಟುಕಿಸಿದ. ಎವಾರಿಸ್ಟೋಗೆ ರೋಷ ಬಂತು. ಕೂಗ್ತೀನಿ ಅಂದುಬಿಟ್ಟ.

ಮಧ್ಯಾಹ್ನವಿಡೀ ಕ್ಷೌರದಂಗಡಿಯಲ್ಲಿ ತಾಲೀಮು. ಸಿಲ್ವೆರಿಯೋ ತನ್ನ ಮೊಬೈಲಿನಲ್ಲಿ ಆ ಕೂಗನ್ನು ಮತ್ತೆ ಮತ್ತೆ ಹಾಕಿದ. ಕೆಳಗಿನಿಂದ ಶುರುವಾಗಿ, ಮಧ್ಯದಲ್ಲಿ ಬಿರಿದು, ಮೇಲೆ ಹೋಗಿ ಗಾಜು ನಡುಗಿಸುವ ಕೂಗು. ಎವಾರಿಸ್ಟೋಗೆ ಎಲ್ಲೋ ಕೇಳಿದ ಹಾಗಿತ್ತು. ಪ್ರತಿ ಸಲ ಅದು ಮೊಳಗಿದಾಗಲೂ ಅವನ ಎರಡು ಕಾಲು ತಾವಾಗಿಯೇ ಬಾಗಿಲ ಚಾಪೆಯ ಮೇಲೆ ಹೋಗಿ ಪರಪರ ಒರೆಸಿಕೊಳ್ಳುತ್ತಿದ್ದವು. ಯಾಕೆ ಅಂತ ಅವನಿಗೂ ಹೊಳೆಯಲಿಲ್ಲ. ಸಿಲ್ವೆರಿಯೋ ಅದು ಮುಪ್ಪಿನ ನರದೌರ್ಬಲ್ಯ ಅಂದ, ಹಸಿ ಮೊಟ್ಟೆ ಕುಡಿಸಿದ, ಆಲಿವ್ ಎಣ್ಣೆಯಲ್ಲಿ ಬಾಯಿ ಮುಕ್ಕಳಿಸು ಅಂದ. ಮೊದಲ ಕೂಗಿಗೆ ಪಕ್ಕದ ಬೇಕರಿಯಾಕೆ ಆಂಬುಲೆನ್ಸಿಗೆ ಫೋನ್ ಮಾಡಿದಳು. ಎರಡನೆಯದಕ್ಕೆ ಪಶುವೈದ್ಯ ಬಂದ. ನಾಲ್ಕು ಗಂಟೆಗೆ ಎವಾರಿಸ್ಟೋನ ಗಂಟಲಲ್ಲಿ ಗಾಳಿ ಬಿಟ್ಟರೆ ಬೇರೇನೂ ಉಳಿದಿರಲಿಲ್ಲ.

ಸಭಾಂಗಣ ತುಂಬಿ ತುಳುಕುತ್ತಿತ್ತು. ಜಪಾನಿನ ಇಬ್ಬರು, ಬೆಲ್ಜಿಯಂನ ಹನ್ನೊಂದು ಮಂದಿ, ಮುಖಕ್ಕೆ ಮೇಣ ಬಳಿದುಕೊಂಡ ಹೈಕಳು ಬೇರೆ. ಸಿನಿಮಾ ಶುರುವಾಯಿತು. ನಿಜ ಹೇಳಬೇಕೆಂದರೆ ಶವಪೆಟ್ಟಿಗೆಗೆ ಬಳಿದ ಬಣ್ಣ ಹಸಿಯಾಗಿತ್ತು, ಬಾವಲಿಗೆ ಕಟ್ಟಿದ ದಾರ ಕಾಣುತ್ತಿತ್ತು, ಹೆಣವೊಂದು ಸೀನಿತು. ಆದರೂ ಕೌಂಟ್ ಬಾಗಿಲಲ್ಲಿ ಬಂದು ನಿಂತಾಗ ನನ್ನ ಬೆನ್ನಹುರಿಯಲ್ಲಿ ಚಳಿ ಹತ್ತಿತು. ಈಗಿನವರು ಕೋಟಿಗಟ್ಟಲೆ ಸುರಿದು ಮಾಡಿದರೂ ಹುಟ್ಟದ ಚಳಿ ಅದು. ಪಕ್ಕದಲ್ಲಿದ್ದ ಎವಾರಿಸ್ಟೋ ತನ್ನನ್ನು ತಾನೇ ನೋಡಿ ಅತ್ತ. ಬೆಲ್ಜಿಯಂನವರೂ ಅತ್ತರು, ಆದರೆ ಅಮೆರಿಕನ್ನನಿಗಾಗಿ.

ಸಂವಾದ ಅಂದಕೂಡಲೇ ನಮ್ಮೂರವರು ಎಂದಿನಂತೆ ಬಾಗಿಲ ಕಡೆ ಹೊರಟರು. ಎವಾರಿಸ್ಟೋ ವೇದಿಕೆ ಹತ್ತುತ್ತಾನೆ ಅಂತ ಗೊತ್ತಾಗಿ ಓಡಿಬಂದು ಕೂತರು. ಅವನು ಎಡಗಾಲಿಗೆ ಬೂಟು ತೂರಿಸಿಕೊಂಡಿದ್ದ. ಡಾಕ್ಟರು ಕೈ ಎತ್ತಿ ನಿಶ್ಶಬ್ದ ಮಾಡಿಸಿದರು. ಎವಾರಿಸ್ಟೋ ಕಣ್ಣು ಮುಚ್ಚಿ, ಎದೆಯುಬ್ಬಿಸಿ, ಬಾಯಿ ತೆರೆದ.

ಸೈಕಲ್ ಪಂಪಿನ ಸದ್ದು ಬಂತು.

ಸಭೆ ಬಿದ್ದು ಬಿದ್ದು ನಕ್ಕಿತು. ಇನ್ನೊಂದು ಸಲ ಪ್ರಯತ್ನಿಸಿದ, ಪಂಪಿನಲ್ಲಿ ಗಾಳಿಯೂ ಮುಗಿದಿತ್ತು. ಹಿಂದಿನ ಸಾಲಿನಿಂದ ಯಾರೋ ಹಾಲಿವುಡ್, ಹಾಲಿವುಡ್ ಅಂತ ತಾಳ ಹಾಕಿದರು. ಎವಾರಿಸ್ಟೋಗೆ ನೆಲ ಬಾಯಿ ಬಿಟ್ಟರೆ ಇಳಿದುಬಿಡೋಣ ಅನ್ನಿಸಿತು. ಅಷ್ಟರಲ್ಲಿ ಸಭಾಂಗಣದ ಹಿಂಬಾಗಿಲು ದಢಾರನೆ ತೆರೆಯಿತು. ಜೆಲಿಂಡಾ ನಿಂತಿದ್ದಳು. ಒಂದು ಕೈಯಲ್ಲಿ ಬಾಡಿದ ಕಾಮಕಸ್ತೂರಿ, ಇನ್ನೊಂದರಲ್ಲಿ ಪೊರಕೆ.

"ಎವಾರಿಸ್ಟೋ!"

ಕೆಳಗಿನಿಂದ ಶುರುವಾಯಿತು, ಮಧ್ಯದಲ್ಲಿ ಬಿರಿಯಿತು, ಮೇಲೆ ಹೋಗಿ ಕಿಟಕಿಯ ಗಾಜು ನಡುಗಿಸಿತು. ವೇದಿಕೆಯ ಮೇಲೆ ಎವಾರಿಸ್ಟೋನ ಕಾಲುಗಳು ತಾವಾಗಿಯೇ ಒರೆಸಿಕೊಳ್ಳತೊಡಗಿದವು. ಮೊದಲು ಎದ್ದವರು ಜಪಾನಿನ ಇಬ್ಬರು. ಸೊಂಟದವರೆಗೆ ಬಾಗಿ ಅವಳಿಗೆ ನಮಸ್ಕರಿಸಿದರು.

ಡಾಕ್ಟರು ತಡವರಿಸುತ್ತ ಕೆಳಗಿಳಿದು ಬಂದು, ಅಮ್ಮಾ, ಅರವತ್ತೆರಡರಲ್ಲಿ ತಾವು ಎಲ್ಲಿದ್ದಿರಿ ಅಂತ ಕೇಳಿದರು. ರೋಮಿನಲ್ಲಿ, ಲಾಂಡ್ರಿಯೊಂದರಲ್ಲಿ ಇಸ್ತ್ರಿ ಹಾಕ್ತಿದ್ದೆ ಅಂದಳು. ಪಕ್ಕದಲ್ಲೇ ಧ್ವನಿ ಹಿಡಿಯುವ ಸ್ಟುಡಿಯೋ ಇತ್ತಂತೆ. ಒಂದು ದಿನ ಕಲ್ಲಿದ್ದಲಿನವನಿಗೆ ಬೈಯುತ್ತಿದ್ದಾಗ ಅಲ್ಲಿಂದ ಒಬ್ಬ ಓಡಿಬಂದು ಒಳಗೆ ಕರೆದೊಯ್ದ.

"ಒರೆಸಿದ ನೆಲದ ಮೇಲೆ ಕೆಸರುಗಾಲಲ್ಲಿ ಗಂಡ ಬಂದ ಅಂತ ತಿಳ್ಕೊಂಡು ಕೂಗಮ್ಮಾ ಅಂದ. ಆಗ ನಂಗೆ ಮದುವೇನೇ ಆಗಿರಲಿಲ್ಲ, ಸುಮ್ನೆ ಊಹೆ ಮಾಡ್ಕೊಂಡು ಕೂಗಿದೆ. ಒಂದು ಕಾಫಿ ಕೊಟ್ಟು ಕಳಿಸಿದ. ಯಾವ ಸಿನಿಮಾ ಅಂತ ನಾನೂ ಕೇಳಲಿಲ್ಲ. ಯಾಕೆ, ಏನಾಯ್ತೀಗ?"

ಚಪ್ಪಾಳೆ ಛಾವಣಿ ಮುಟ್ಟಿತು. ಡಾಕ್ಟರು ತಮ್ಮ ಪುಸ್ತಕದ ಮುನ್ನೂರು ಪುಟವನ್ನೂ ಕ್ಷಣದಲ್ಲಿ ಮರೆತು, ಆ ಕೂಗಿನಲ್ಲಿ ಹೆಣ್ಣಿನ ಶತಮಾನಗಳ ನೋವಿದೆ ಅಂತ ನಾನು ಮೊದಲಿಂದಲೂ ಹೇಳುತ್ತಿದ್ದೆ ಅಂದರು. ಫಲಕದ ಖಾಲಿ ಸಾಲು ಜೆಲಿಂಡಾಳಿಗೇ ಅಂತ ಅಲ್ಲೇ ತೀರ್ಮಾನವಾಯಿತು.

ಎವಾರಿಸ್ಟೋ ವೇದಿಕೆಯ ಮೇಲಿಂದ, ಗಂಟಲಿಲ್ಲದೆ, ಕೈಯಲ್ಲಿ ತನ್ನ ಎದೆ ತೋರಿಸಿಕೊಂಡ. ಡಾಕ್ಟರಿಗೂ ಅವನ ನೆನಪಾಯಿತು. ಸಾಲಿನಲ್ಲಿ ಇನ್ನೊಂದು ಹೆಸರಿಗೆ ಜಾಗವಿತ್ತು. ಅವರು ಜೆಲಿಂಡಾಳ ಕಡೆ ತಿರುಗಿ, ನೀವು ಹೇಳಿದರೆ ನಂಬುತ್ತೇವೆ, ಕೌಂಟ್ ಆಗಿದ್ದವರು ನಿಮ್ಮ ಯಜಮಾನರೇನಾ ಅಂತ ಕೇಳಿದರು. ಇಡೀ ಊರು ಅವಳ ಬಾಯಿ ನೋಡಿತು. ಐವತ್ತು ವರ್ಷದ ಆಸೆಯೆಲ್ಲ ಕಣ್ಣಿಗೆ ತಂದುಕೊಂಡು ಎವಾರಿಸ್ಟೋನೂ ನೋಡಿದ.

ಜೆಲಿಂಡಾ ಒಂದು ಸಲ ಗಂಡನನ್ನು ನೋಡಿದಳು, ಒಂದು ಸಲ ಕೈಯಲ್ಲಿದ್ದ ಗಿಡವನ್ನು ನೋಡಿದಳು.

"ಇವನಾ? ನಲವತ್ತೆಂಟು ವರ್ಷ ಸಂಸಾರ ಮಾಡಿದೀನಿ ಡಾಕ್ಟ್ರೇ, ಒಂದು ಕೋಳೀನೂ ಇವನಿಗೆ ಹೆದರಿದ್ದು ನಾನು ಕಾಣೆ."

ಹೀಗೆ ಅವತ್ತು ಸಂಜೆಯೇ ಕೋಟೆಬಾಗಿಲ ಕಲ್ಲಿನಲ್ಲಿ ಕೌಂಟನ ದೇಹ ಅಮೆರಿಕದ ರೂಪರ್ಟ್ ಹಾರ್ಗ್ರೋವ್, ಕೌಂಟನ ಧ್ವನಿ ನಮ್ಮೂರ ಜೆಲಿಂಡಾ ಅಂತ ಕಾಯಂ ಆಯಿತು. ಬೂಟನ್ನು ಡಾಕ್ಟರು ಗಾಜಿನ ಪೆಟ್ಟಿಗೆಯಲ್ಲಿಡಲು ಕೇಳಿದರು. ನನ್ನ ಗಿಡ ಎಲ್ಲಿ ನೆಡಲಿ ಅಂತ ಜೆಲಿಂಡಾ ಕೊಡಲಿಲ್ಲ.

ರಾತ್ರಿ ಒಂಬತ್ತು ಗಂಟೆಗೆ ಎವಾರಿಸ್ಟೋ ಬೂಟಿಗೆ ಮಣ್ಣು ತುಂಬಲು ಕೂತಿದ್ದ. ಜೆಲಿಂಡಾ ಅಡುಗೆಮನೆಯ ನೆಲ ಒರೆಸುತ್ತಿದ್ದಳು. ಬಾಗಿಲಲ್ಲಿ ಡಾಕ್ಟರು ಬಂದು ಪಿಸುಗುಟ್ಟಿದರು. ಜರ್ಮನಿಯ ಐದು ಜನರ ಬಸ್ಸು ದಾರಿಯಲ್ಲಿ ಕೆಟ್ಟು ತಡವಾಗಿದೆ, ಪಾಪ, ಕೂಗು ಕೇಳದೆ ಹೋಗಬೇಕಾಗಿದೆ, ಕೆಳಗೆ ನಿಂತಿದ್ದಾರೆ. ಕೂಗಿ ಅಂದರೆ ಅಮ್ಮನವರಿಗೆ ಬರುವುದಿಲ್ಲವಂತೆ, ಕೋಪ ಬಂದರೆ ಮಾತ್ರ ಬರುತ್ತದಂತೆ. ತಾವು ಸ್ವಲ್ಪ ಮನಸ್ಸು ಮಾಡಬೇಕು.

ಎವಾರಿಸ್ಟೋ ನಿಟ್ಟುಸಿರು ಬಿಟ್ಟ. ಬೂಟಿನ ಮಣ್ಣು ಸುರುವಿ, ಎಡಗಾಲಿಗೆ ತೂರಿಸಿ, ಒದ್ದೆ ನೆಲದ ಮೇಲೆ ಹೆಜ್ಜೆಯಿಟ್ಟ. ದೀಪದ ಬೆಳಕು ಕಣ್ಣಿಗೆ ಹೊಡೆದು ದಾರಿ ಕಾಣದೆ ಕೈ ಎರಡೂ ಮುಂದೆ ಚಾಚಿದ್ದವು, ಕಾಲು ಕುಂಟುತ್ತಿತ್ತು. ಕೂಗು ಹೊರಟಿತು, ಕೆಳಗೆ ಜರ್ಮನ್ನರು ಚಪ್ಪಾಳೆ ಹೊಡೆದರು. ಅಡುಗೆಮನೆಯಲ್ಲಿ ಅವನು ಇಟ್ಟ ಆ ಏಳು ಹೆಜ್ಜೆ ಥೇಟ್ ಕೌಂಟನದೇ ಆಗಿತ್ತು. ಅಲ್ಲಿದ್ದವಳು ಜೆಲಿಂಡಾ ಒಬ್ಬಳೇ, ಅವಳು ನೋಡುತ್ತಿದ್ದದ್ದು ನೆಲವನ್ನು.