ಆಟದ ಮನೆಯ ಸಾಮಾನಿಗೆ ಬುದ್ಧಿ ಕಲಿಸಿದ್ದು

ಕಂಪ್ಯೂಟರಿನೊಳಗೆ ಮನೆ ಕಟ್ಟಿ, ಅದರಲ್ಲೊಂದು ಸಂಸಾರ ಹೂಡಿ ಆಡಿಸುವ ಆಟವೊಂದಿದೆ. ಅದನ್ನು ಆಡುತ್ತೇನೆ ಎಂದು ಬಾಯಿ ತಪ್ಪಿ ಹೇಳಿದ್ದೇ ತಡ, ಬುದ್ಧಿ ಹೇಳುವವರು ಒಬ್ಬರ ಹಿಂದೆ ಒಬ್ಬರು ಬರುತ್ತಲೇ ಇರುತ್ತಾರೆ. ನಾನು ಬರೀ ಆಡುತ್ತಿರಲಿಲ್ಲ. ಆಟದ ಯಾವುದೇ ಸಾಮಾನನ್ನು ಒತ್ತಿದರೆ ಅದರಿಂದ ಏನೇನು ಮಾಡಬಹುದು ಎಂದು ತೋರಿಸುತ್ತದಲ್ಲ, ಅದಕ್ಕೆ ನನ್ನದೂ ಒಂದೊಂದು ಕೆಲಸ ಬರೆದು ಸೇರಿಸುತ್ತಿದ್ದೆ. ಮರಾಠಿ ಶಹರವೊಂದರ ಕೋಥರೂಡ ಬಡಾವಣೆಯ ನಮ್ಮ ಮನೆಗೆ ಕಂಪ್ಯೂಟರ್ ಬಂದ ಹೊಸತು. ನಾನಿನ್ನೂ ಮದುವೆಯಾಗದ ಹುಡುಗಿ. ಆದ್ದರಿಂದ ನನ್ನ ಬಗ್ಗೆ ಮಾತಾಡುವ ಹಕ್ಕು ನಮ್ಮ ಇಡೀ ಹೌಸಿಂಗ್ ಸೊಸೈಟಿಗೆ ಇತ್ತು.

ಫ್ರಿಜ್

ಆ ಆಟದ ಜನ ಹಸಿವಾದಾಗೆಲ್ಲ ಹೊಸದಾಗಿ ಅಡುಗೆ ಮಾಡುತ್ತಾರೆ. ಧಾರವಾಡದ ನಮ್ಮವ್ವನ ಕಣ್ಣಿಗೆ ಅದು ಶುದ್ಧ ದುಂದು. ಹಾಗಾಗಿ ಫ್ರಿಜ್ಜಿಗೆ ‘ನಿನ್ನಿ ಸಾರು ಬಿಸಿ ಮಾಡು’ ಎಂದು ಸೇರಿಸಿದೆ. ಒತ್ತಿದರೆ ಆಟದ ಗಂಡಸು ಬಂದ, ಬಾಗಿಲು ತೆಗೆದ, ಒಳಗೆ ನೋಡಿದ, ನೋಡುತ್ತಲೇ ನಿಂತ. ಮುಂದಿನದನ್ನು ಬರೆಯುವಲ್ಲಿ ಎಲ್ಲೋ ಎಡವಿದ್ದೆ. ಭಾನುವಾರವಿಡೀ ತಲೆ ಕೆಡಿಸಿಕೊಂಡು ಕೂತಿದ್ದಾಗ ನಮ್ಮಣ್ಣ ಬಂದು ಇಣುಕಿದ.

“ಏನಾಗೇದ ಇದಕ್ಕ?”

“ಫ್ರಿಜ್ ತಗದು ಸುಮ್ಮ ನಿಂತಾನ. ಏನೂ ಮಾಡವಲ್ಲ.”

“ಸರೀನೇ ಅದ ಅಲಾ! ತಪ್ಪೇನದ ಇದರಾಗ?” ಎಂದವನು ಅಡುಗೆಮನೆಗೆ ಹೋಗಿ, ನಮ್ಮ ಫ್ರಿಜ್ಜಿನ ಬಾಗಿಲು ತೆಗೆದು ನಿಂತುಕೊಂಡು ಕೂಗಿದ: “ಅವ್ವಾ, ತಿನ್ನಾಕ ಏನದ?”

ನೋಟಿಸ್ ಬೋರ್ಡು

ನಮ್ಮ ಸೊಸೈಟಿಯ ಸೆಕ್ರೆಟರಿ ರಿಟೈರಾದ ಮನುಷ್ಯ. ಮೀಟಿಂಗ್ ಕರೆಯುವುದೇ ಅವರ ಉಸಿರು; ಯಾರೂ ಹೋಗದಿರುವುದೇ ನಮ್ಮ ಉಸಿರು. ಹಾಗಾಗಿ ಮೀಟಿಂಗಿಗೆ ಬೇಕಾದಷ್ಟು ತಲೆ, ಅಂದರೆ ಕೋರಮ್, ಎಂದೂ ಕೂಡಿರಲಿಲ್ಲ. ನನ್ನ ಆಟ ನೋಡಿ, “ಇಷ್ಟು ಮನೆ ಕಟ್ಟಿದ್ದೀಯ, ಮೀಟಿಂಗ್ ಎಲ್ಲಿ?” ಎಂದು ಮರಾಠಿಯಲ್ಲಿ ಗದರಿದರು. ಪೀಡೆ ಕಳೆಯಲಿ ಎಂದು ನೋಟಿಸ್ ಬೋರ್ಡಿಗೆ ‘ಮೀಟಿಂಗ್ ಮಾಡು’ ಎಂದು ಬರೆದೆ.

ಆ ಆಟದಲ್ಲಿ ಪ್ರತಿ ಸಾಮಾನೂ ಜನರನ್ನು ತನ್ನತ್ತ ಎಳೆಯುತ್ತದೆ. ಎಷ್ಟು ಎಳೆಯಬೇಕೆಂದು ಒಂದು ಅಂಕಿ ಕೊಡಬೇಕು. ನಾನು ಅದಕ್ಕೆ ಸೊನ್ನೆ ಹೆಚ್ಚು ಹಾಕಿಬಿಟ್ಟಿದ್ದೆ. ಸೆಕ್ರೆಟರಿ ನೋಡುತ್ತಿದ್ದಂತೆ ಉಣ್ಣುತ್ತಿದ್ದವರು ತಾಟು ಬಿಟ್ಟು ಎದ್ದರು, ಸ್ನಾನಕ್ಕೆ ಹೋದವರು ಹಾಗೇ ಓಡಿಬಂದರು, ಒಲೆಯ ಮೇಲಿನದು ಹೊತ್ತಿ ಅಡುಗೆಮನೆಗೆ ಬೆಂಕಿ ಬಿತ್ತು. ಒಬ್ಬರೂ ತಿರುಗಿ ನೋಡಲಿಲ್ಲ. ಬೋರ್ಡಿನ ಮುಂದೆ ಕೈ ಬೀಸಿ ವಾದಿಸುತ್ತ ನಿಂತರು.

ನಾನು ಗಾಬರಿಯಾಗಿ ಆಟ ನಿಲ್ಲಿಸಲು ಹೋದರೆ ಸೆಕ್ರೆಟರಿ ನನ್ನ ಕೈ ತಡೆದರು. ಅವರ ಕಣ್ಣು ತೇವವಾಗಿತ್ತು.

“ಥಾಂಬ್, ಮುಲೀ! ನಿಲ್ಲು, ಕೋರಮ್ ತುಂಬಿತು!”

ಸೋಫಾ

ನನ್ನನ್ನು ನೋಡಲು ಬಂದವರೆಲ್ಲ ಉಪ್ಪಿಟ್ಟು ತಿಂದು, ಕೈ ಮುಗಿದು, ‘ಊರಿಗೆ ಹೋಗಿ ತಿಳಸ್ತೀವ್ರಿ’ ಎಂದು ಎದ್ದು ಹೋಗುತ್ತಿದ್ದರು. ತಿಳಿಸುತ್ತಿರಲಿಲ್ಲ. ಅವ್ವ ಮಾತ್ರ ಫೋನ್ ಬಿಟ್ಟು ಕದಲದೆ, ತರಕಾರಿಯನ್ನೂ ಅದರ ಪಕ್ಕದಲ್ಲೇ ಕೂತು ಹೆಚ್ಚುತ್ತಿದ್ದಳು. ಅದನ್ನು ನೋಡಿ ನೋಡಿ ಸಿಟ್ಟು ಬಂದು, ಆಟದ ಸೋಫಾಕ್ಕೆ ಅದೇ ಕೆಲಸ ಸೇರಿಸಿದೆ. ಒತ್ತಿದರೆ ಸಾಕು, ಕೂತವರೆಲ್ಲ ಒಟ್ಟಿಗೆ ಎದ್ದು ಕೈ ಮುಗಿಯುತ್ತಾರೆ. ಇಂಗ್ಲಿಷ್ ಅಕ್ಷರದಲ್ಲಿ ಆ ಕನ್ನಡ ಮಾತು ಮೂಡುತ್ತದೆ. ನಾನು ಬರೆದದ್ದರಲ್ಲಿ ತಪ್ಪಿಲ್ಲದೆ ನಡೆದದ್ದು ಅದೊಂದೇ.

ಆಮೇಲೆ ನಮ್ಮ ಶಹರದ್ದೇ ಕೊಂಢವಾ ಬಡಾವಣೆಯಿಂದ ಬಂದ ವರನ ತಾಯಿ ಜಂಬದ ಹೆಂಗಸು. “ಹುಡಿಗಿಗೆ ಕಂಪ್ಯೂಟರ್ ಬರತದಂತ. ಏನ್ ಬರತದ, ನೋಡೋಣ” ಎಂದರು. ಅಪ್ಪ ಹೆಮ್ಮೆಯಿಂದ ಅವರನ್ನು ಕಂಪ್ಯೂಟರಿನ ಮುಂದೆಯೇ ಕೂರಿಸಿ, “ಯಾವ ಸಾಮಾನರೆ ಒತ್ರಿ, ನಮ್ಮಕಿ ಏನರೆ ಮಾಡಿರತಾಳ” ಎಂದ.

ಅವರು ಸೋಫಾ ಒತ್ತಿದರು.

ಆಟದ ಮಂದಿ ಎದ್ದು ಕೈ ಮುಗಿದರು. ವರ ಮಹಾಶಯ ಅಕ್ಷರ ಕೂಡಿಸಿ ಜೋರಾಗಿ ಓದಿದ. ಓದಿದ್ದು ತಲೆಗೆ ಹತ್ತಿದ್ದೇ ತಡ, ನಕ್ಕು ನಕ್ಕು ಉಪ್ಪಿಟ್ಟು ನೆತ್ತಿಗೇರಿಸಿಕೊಂಡ. ತಾಯಿಯ ಮುಖ ಕೆಂಪಾಯಿತು. “ಮನೀಗೆ ಬಂದವರನ್ನ ಹಿಂಗ ಹಂಗಸ್ತೀರೇನು? ಏಳೋ!” ಎಂದು ಮಗನನ್ನು ಎಬ್ಬಿಸಿಕೊಂಡು ಬಾಗಿಲ ತನಕ ಹೋದರು. ಅಲ್ಲಿ ಏನಾಯಿತೋ, ರೂಢಿ ನೋಡಿ, ತಿರುಗಿ ಕೈ ಮುಗಿದು ಅಂದೇಬಿಟ್ಟರು: “ಊರಿಗೆ ಹೋಗಿ ತಿಳಸ್ತೀವ್ರಿ.”

ನಮ್ಮಪ್ಪ ಬಲು ವಿನಯದಿಂದ ಕೇಳಿದ:

“ಅಕ್ಕಾರ, ನೀವು ಇರೋದು ಕೊಂಢವಾದಾಗ ಅಲ್ರೀ?”