ಭಾವನ ಒಂಟೆ ಸಂತಾನ

ದುಬೈ, ಅಬುಧಾಬಿಯ ಮರಳಿನಲ್ಲಿ ನಮ್ಮ ಭಾವನಿಂದಾಗಿ ಬಸಿರಾದವರ ಲೆಕ್ಕ ನೂರು ದಾಟಿ ಎಷ್ಟೋ ಕಾಲವಾಯಿತು. ಗಾಬರಿ ಬೇಡ! ಈ ವಿಷಯ ಅಕ್ಕನಿಗೂ ಗೊತ್ತು. ಗೊತ್ತಿರುವುದೇನು, ಮನೆಗೆ ಬಂದವರಿಗೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತಾಳೆ. ಬಸಿರಾದವರೆಲ್ಲ ಒಂಟೆಗಳು ತಾನೇ!

ಭಾವ ಒಂಟೆಗಳ ಸಂತಾನೋತ್ಪತ್ತಿಯ ವಿಜ್ಞಾನಿ. ಓಟದಲ್ಲಿ ಗೆಲ್ಲುವ ಹೆಣ್ಣು ಒಂಟೆ ವರ್ಷಕ್ಕೂ ಮಿಕ್ಕಿ ಗರ್ಭ ಹೊತ್ತು ನಿಂತರೆ ಓಡುವವರು ಯಾರು? ಅದಕ್ಕೇ ಅದರ ಭ್ರೂಣ ತೆಗೆದು ಯಾವುದಾದರೂ ಸಾಧು ಒಂಟೆಯ ಗರ್ಭದಲ್ಲಿ ಇಡುತ್ತಾರೆ. ಗೆಲ್ಲುವವಳು ಓಡುತ್ತಲೇ ಇರುತ್ತಾಳೆ, ಸಾಧು ಹೆರುತ್ತಾಳೆ. ಈ ಕೆಲಸದ ಬಗ್ಗೆ ಭಾವ ಬರೆದ ಪ್ರಬಂಧಗಳನ್ನು ದೇಶ ವಿದೇಶದ ಪಂಡಿತರು ಓದುತ್ತಾರಂತೆ. ನಮ್ಮ ಕುಟುಂಬದಲ್ಲಿ ಮಾತ್ರ ಎಲ್ಲರೂ ಚಿತ್ರ ನೋಡಿ ಮುಚ್ಚಿಟ್ಟವರೇ.

ಇಂಥ ಭಾವನ ನಾದಿನಿಯಾದ ನನಗೆ ಮದುವೆಯಾಗಿ ಆರು ವರ್ಷವಾದರೂ ಮಕ್ಕಳಿರಲಿಲ್ಲ. ವಿಧಿಯ ತಮಾಷೆ ನೋಡಿ!

ದುಬೈಯ ಅಲ್ ಮುರಕ್ಕಬಾತ್‌ನಲ್ಲಿರುವ ಅಕ್ಕ-ಭಾವನ ಫ್ಲ್ಯಾಟಿನ ಹಾಲ್‌ನಲ್ಲಿ ಒಂಟೆ ಮರಿಗಳ ಫೋಟೋಗಳದ್ದೇ ದರ್ಬಾರು. ಅಕ್ಕನ ಮದುವೆಯ ಫೋಟೋ ಕಪಾಟಿನೊಳಗೆ. ಒಮ್ಮೆ ಅಕ್ಕ ಕಾರಿನ ಮುಂದಿನ ಬಾಗಿಲು ತೆರೆದರೆ ಸೀಟಿನಲ್ಲಿ ಒಂದು ಡಬ್ಬಿ, ಅದಕ್ಕೆ ಸೀಟ್ ಬೆಲ್ಟ್ ಬೇರೆ!

"ನೀನು ಹಿಂದೆ ಕೂತ್ಕೊ. ಇಲ್ಲಿ ಪ್ಯಾಸೆಂಜರ್ ಉಂಟು" ಎಂದರು ಭಾವ.

"ಯಾರು?"

"ಚಾಂಪಿಯನ್‌ನ ಮಗು. ಇನ್ನೂ ಹುಟ್ಟಲಿಲ್ಲ."

ಅಕ್ಕ ಅಬುಧಾಬಿಯವರೆಗೂ ಹಿಂದಿನ ಸೀಟಿನಲ್ಲೇ ಹೋದಳು. ದಾರಿಯಲ್ಲಿ ಭಾವ ಎರಡು ಸಲ "ಎಸಿ ಸಾಕಾ?" ಎಂದು ಕೇಳಿದರಂತೆ. ಕೇಳಿದ್ದು ಡಬ್ಬಿಯನ್ನು!

ನಾವಿದ್ದದ್ದೂ ದುಬೈಯಲ್ಲೇ; ಅಲ್ಲಿ ಆಗ ವಾರದ ರಜೆ ಶುಕ್ರವಾರ, ಚರ್ಚಿನ ಪೂಜೆಯೂ ಅಂದೇ. ಅದು ಮುಗಿಸಿ ಇಗರ್ಜಿಯಿಂದ ಹೊರಬಿದ್ದರೆ ಸಾಕು, "ಎಂತ, ವಿಶೇಷ ಉಂಟಾ?" ಎಂದು ನನ್ನ ಹೊಟ್ಟೆ ನೋಡುವವರ ಸಾಲು. ಖರ್ಜೂರ ತಿನ್ನು, ಹರಕೆ ಹೇಳಿಕೋ, ಎಡಗಡೆ ಮಲಗು! ಏನನ್ನೂ ಕೇಳದವರು ಭಾವ ಒಬ್ಬರೇ. ಇಗರ್ಜಿಯವರ ಒಂದು ಔತಣದ ದಿನ ಆಂಟಿಯೊಬ್ಬರು ನೇರ ಅವರಿಗೇ ಗಂಟುಬಿದ್ದರು. "ಅಷ್ಟು ಒಂಟೆಗಳಿಗೆ ಮಾಡ್ತೀರಿ, ಮನೆ ಹುಡುಗಿಗೆ ಎಂತಾದ್ರೂ ಮಾಡ್ಲಿಕ್ಕೆ ಆಗುದಿಲ್ವಾ?"

ಭಾವ ಚಮಚ ಕೆಳಗಿಟ್ಟರು. "ಒಂಟೆಯ ಅಂಡಾಶಯ ಹೇಗೆ ಕೆಲಸ ಮಾಡ್ತದೆ ಗೊತ್ತುಂಟಾ ಆಂಟಿ?"

ಮುಂದಿನದು ಉಪನ್ಯಾಸ. ತಟ್ಟೆಯಲ್ಲಿ ಐಸ್‌ಕ್ರೀಂ ಕರಗಿತು, ಆಂಟಿಯ ಬಣ್ಣವೂ ಇಳಿಯಿತು. ಆಮೇಲೆ ಅವರು ನಮ್ಮ ಮೇಜಿನ ಹತ್ತಿರ ಸುಳಿಯಲಿಲ್ಲ. ಇದೂ ಭಾವನ ಹುಚ್ಚೇ ಎಂದು ನಾನು ಆಗ ನಕ್ಕುಬಿಟ್ಟೆ.

ನನ್ನ ಚಿಕಿತ್ಸೆ ಇನ್ನೊಮ್ಮೆ ವಿಫಲವಾದ ವಾರ ನಡೆದದ್ದು ಕೇಳಿ. ವರ್ಷಗಳಿಂದ ಗರ್ಭ ನಿಲ್ಲದ ಒಂದು ಒಂಟೆ ಕೊನೆಗೂ ಬಸಿರಾಯಿತು. ಸಂಭ್ರಮದಲ್ಲಿ ಭಾವ ಅದರ ಸ್ಕ್ಯಾನಿಂಗ್ ಚಿತ್ರವನ್ನು ಲ್ಯಾಬಿನ ವಾಟ್ಸಾಪ್ ಗುಂಪಿಗೆ ಕಳಿಸುವ ಬದಲು ನಮ್ಮ ಕುಟುಂಬದ ಗುಂಪಿಗೆ ಕಳಿಸಿದರು! ಕೆಳಗೆ "ಅಟ್ ಲಾಸ್ಟ್! ಹಾರ್ಟ್‌ಬೀಟ್ ಗುಡ್!" ಎಂಬ ಸಾಲು. ಕುಟುಂಬದಲ್ಲಿ ಕಾಯುತ್ತಿದ್ದುದು ಯಾರ ಬಸಿರಿಗೆ? ಅಭಿನಂದನೆಗಳ ಮಳೆ ಸುರಿಯಿತು. ಕಾರ್ಕಳದಿಂದ ಅಮ್ಮನ ಫೋನ್, ಅಳುತ್ತಲೇ.

"ನನಗೆ ನೀನು ಹೇಳ್ಲಿಲ್ಲ ಅಲ್ವಾ ಮಗಾ! ಇರ್ಲಿ. ಈಗಷ್ಟೇ ಇಗರ್ಜಿಯಲ್ಲಿ ಮೊಂಬತ್ತಿ ಹಚ್ಚಿ ಬಂದೆ."

"ಅಮ್ಮ, ಅದು ನಾನಲ್ಲ. ಒಂಟೆ."

ಆ ಕಡೆ ಅಮ್ಮ ಮೂಗು ಒರೆಸಿಕೊಂಡ ಸದ್ದು. ಆಮೇಲೆ ಸಣ್ಣ ದನಿಯಲ್ಲಿ, "ಯಾರ ಒಂಟೆ?"

ನಾನು ಜೋರಾಗಿ ನಕ್ಕೆ. ಫೋನಿಟ್ಟು ಬಾತ್‌ರೂಮಿಗೆ ಹೋಗಿ, ನಲ್ಲಿ ತಿರುಗಿಸಿ ಅತ್ತೆ.

ಸಂಜೆಯೊಳಗೆ ಭಾವ ಕರಾಮದ ನಮ್ಮ ಮನೆ ಬಾಗಿಲಲ್ಲಿದ್ದರು. ಫಾರ್ಮಿನ ಗಮ್‌ಬೂಟು ಕಾಲಲ್ಲೇ, ಕೂದಲಲ್ಲಿ ಹುಲ್ಲು.

"ತಪ್ಪಾಯ್ತು ಮಾರಾಯ್ತಿ" ಎಂದರು. ಒಳಗೆ ಬರಲಿಲ್ಲ.

ಇಷ್ಟು ವರ್ಷ ನುಂಗಿಕೊಂಡದ್ದನ್ನು ಕೇಳಿಯೇಬಿಟ್ಟೆ. "ಭಾವ, ನಿಮಗೆ ಎಲ್ಲ ಗೊತ್ತುಂಟು. ಸತ್ಯ ಹೇಳಿ. ನನಗೆ ಮಗು ಆಗ್ತದಾ?"

"ಒಂಟೆ ಆಗಿದ್ರೆ ಹೇಳ್ತಿದ್ದೆ" ಎಂದರು ಭಾವ. "ಅಕ್ಕ ನಿನ್ನ ರಿಪೋರ್ಟ್ ತಂದು ಕೊಟ್ಟಿದ್ಲು. ಓದ್ಲಿಕ್ಕೆ ಕೂತೆ. ಕಣ್ಣು ತುಂಬಿ ಒಂದಕ್ಷರ ಕಾಣ್ಲಿಲ್ಲ."

ಆಂಟಿಗೆ ಆ ದಿನ ಉಪನ್ಯಾಸ ಯಾಕೆ ಬಿತ್ತೆಂದು ನನಗೆ ಹೊಳೆದದ್ದು ಆಗ. ಭಾವ ನನ್ನ ತಲೆಯ ಮೇಲೆ ಕೈಯಿಟ್ಟರು. ಸಾಸಿವೆಗಿಂತ ಸಣ್ಣ ಭ್ರೂಣವನ್ನು ಅಲುಗದ ಹಾಗೆ ಗರ್ಭ ಸೇರಿಸುವ ಕೈ ಅದು, ನನ್ನ ತಲೆಯ ಮೇಲೂ ಅಷ್ಟೇ ಮೆಲ್ಲಗಿತ್ತು.

ಮುಂದೆಯೂ ನಮಗೆ ಮಕ್ಕಳಾಗಲಿಲ್ಲ. ಆ ಕೈ ನೆನಪಾದಾಗಲೆಲ್ಲ ನಾನೂ ಭಾವನ ಮಗುವೇ ಅನ್ನಿಸುತ್ತದೆ.